ನಿನ್ನೆ ಯಾಕೆ ಊಟಕ್ಕೆ ಬರಲಿಲ್ಲ?

ನಾಲ್ಕು ಜನಕ್ಕೆ ಅಡುಗೆ ಮಾಡುವುದು ಸುಲಭ, ಒಬ್ಬರಿಗೇ ಮಾಡಿಕೊಳ್ಳುವುದು ಕಷ್ಟ. ಒಂಟಿಯಾಗಿ ಬದುಕುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅರ್ಧ ಲೋಟ ಅಕ್ಕಿಗೆ ಕುಕ್ಕರ್ ಇಡಬೇಕು. ಒಂದು ಹಿಡಿ ಬೇಳೆಗೆ ಒಗ್ಗರಣೆ ಕೊಡಬೇಕು. ಸೋಮವಾರ ಮಾಡಿದ ಸಾರನ್ನು ಬುಧವಾರದವರೆಗೂ ಕುದಿಸಿ ಕುದಿಸಿ ಮುಗಿಸಬೇಕು. ಕಾಯಿ ಒಡೆದರೆ ಒಂದು ಹೋಳು ಫ್ರಿಜ್ಜಿನಲ್ಲೇ ಬೂಷ್ಟು ಹಿಡಿಯುತ್ತದೆ. ಸ್ವಲ್ಪ ದಿನ ಹೀಗೆ ನಡೆಯುತ್ತದೆ. ಆಮೇಲೆ ಪಲ್ಯ ನಿಲ್ಲುತ್ತದೆ, ಅದರ ಹಿಂದೆಯೇ ಸಾರು ನಿಲ್ಲುತ್ತದೆ, ಕೊನೆಗೆ ರಾತ್ರಿಯ ಊಟ ಎಂಬುದು ಮೊಸರವಲಕ್ಕಿಗೋ ಎರಡು ತುಂಡು ಬ್ರೆಡ್ಡಿಗೋ ಬಂದು ನಿಲ್ಲುತ್ತದೆ. ‘ನನ್ನೊಬ್ಬಳಿಗೆ ಅಂತ ಏನು ಮಾಡೋದು ಬಿಡಿ’ ಅನ್ನುತ್ತಾರೆ. ಸೋಮಾರಿತನದಿಂದ ಬಂದ ಮಾತಲ್ಲ ಇದು. ಅರವತ್ತು ವರ್ಷ ಇನ್ನೊಬ್ಬರಿಗಾಗಿಯೇ ಒಲೆ ಹಚ್ಚಿದ ಕೈ, ಆ ಇನ್ನೊಬ್ಬರು ಇಲ್ಲವಾದ ಮೇಲೆ ಯಾರ ಸಲುವಾಗಿ ಹಚ್ಚಬೇಕು?

ಇಂಥ ಅಡುಗೆಮನೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ತೀರ್ಥಹಳ್ಳಿ, ಶೃಂಗೇರಿ ಕಡೆಯ ತೋಟದ ಮನೆಗಳಲ್ಲಿ, ಒಂದು ಕಾಲಕ್ಕೆ ಇಪ್ಪತ್ತು ಎಲೆ ಬೀಳುತ್ತಿದ್ದ ಜಗಲಿಯ ಪಕ್ಕದಲ್ಲಿ ಇಬ್ಬರೇ ಮುದುಕರು ಕೂತು ಉಣ್ಣುತ್ತಾರೆ. ಅವರಲ್ಲೊಬ್ಬರು ತೀರಿಕೊಂಡರೆ ಉಳಿದವರು ಒಬ್ಬರೇ ಉಣ್ಣುತ್ತಾರೆ. ರಾಯಚೂರು, ಯಾದಗಿರಿ ಕಡೆ ಮಗ ಸೊಸೆ ಬೆಂಗಳೂರಿಗೆ ಗುಳೆ ಹೋದ ಮನೆಗಳಲ್ಲಿಯೂ ಇದೇ ಕತೆ. ಆ ಬೆಂಗಳೂರಿನ ಪಿ.ಜಿ.ಯೊಂದರಲ್ಲಿ ಇಪ್ಪತ್ತೈದರ ಹುಡುಗ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿಟ್ಟು, ಏನು ತಿನ್ನುತ್ತಿದ್ದೇನೆ ಎಂದೂ ನೋಡದೆ ತಿಂದು ಮುಗಿಸುತ್ತಾನೆ. ಅವನ ಸುತ್ತ ಜನ ಬೇಕಾದಷ್ಟಿದ್ದಾರೆ. ‘ಊಟ ಆಯ್ತಾ?’ ಎಂದು ಕೇಳುವುದು ಮಾತ್ರ ರಾತ್ರಿ ಒಂಬತ್ತಕ್ಕೆ ಫೋನು ಮಾಡುವ ಅಮ್ಮ ಒಬ್ಬರೇ. ಅವನು ‘ಆಯ್ತಮ್ಮ’ ಅನ್ನುತ್ತಾನೆ, ಅಮ್ಮನೂ ಆಯಿತೆನ್ನುತ್ತಾರೆ. ಇಬ್ಬರೂ ಎಷ್ಟೋ ಸಲ ಸುಳ್ಳು ಹೇಳುತ್ತಿರುತ್ತಾರೆ.

ಒಂಟಿತನವನ್ನು ಈಗ ವೈದ್ಯರೂ ಗಂಭೀರವಾಗಿ ಎಣಿಸತೊಡಗಿದ್ದಾರೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಒಂಟಿತನವನ್ನು ಸಾಂಕ್ರಾಮಿಕ ಎಂದೇ ಕರೆದು ಸಲಹಾಪತ್ರ ಹೊರಡಿಸಿದರು. ನಂಟು ಕಳೆದುಕೊಂಡ ಬದುಕು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಸಮನಾದ ಅಪಾಯ ತರಬಲ್ಲದು ಎಂಬ ಎಚ್ಚರಿಕೆ ಅದರಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆಂದೇ ಆಯೋಗ ರಚಿಸಿತು, ಅದಕ್ಕೆ ಮೂರ್ತಿಯವರೂ ಒಬ್ಬ ಸಹ ಅಧ್ಯಕ್ಷರಾದರು. 2025ರ ಜೂನ್‌ನಲ್ಲಿ ಬಂದ ಆಯೋಗದ ವರದಿ, ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ನರಳುತ್ತಿದ್ದಾರೆ ಎಂದಿತು; ವರ್ಷಕ್ಕೆ 8.71 ಲಕ್ಷ ಸಾವುಗಳ ಹಿಂದೆ ಒಂಟಿತನದ ಕೈವಾಡವಿದೆ ಎಂದು ಲೆಕ್ಕ ಹಾಕಿತು. ನಮ್ಮಲ್ಲಿ 2017–18ರಲ್ಲಿ ನಡೆದ ವೃದ್ಧಾಪ್ಯದ ರಾಷ್ಟ್ರೀಯ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ಶೇ 6ರಷ್ಟು ಜನ ಒಬ್ಬರೇ ವಾಸಿಸುತ್ತಾರೆ. ಶೇಕಡಾವಾರು ಸಣ್ಣದೆನಿಸಬಹುದು. ಭಾರತದ ಜನಸಂಖ್ಯೆಗೆ ಹಿಡಿದು ನೋಡಿದರೆ ಲಕ್ಷಾಂತರ ಅಡುಗೆಮನೆಗಳು ಕಣ್ಣ ಮುಂದೆ ಬರುತ್ತವೆ.

2025ರ ಜಾಗತಿಕ ಸಂತೋಷ ವರದಿಯಲ್ಲಿ ಊಟದ ಬಗ್ಗೆಯೇ ಒಂದು ಅಧ್ಯಾಯವಿದೆ. ವಾರದ 14 ಊಟಗಳಲ್ಲಿ, ಎಂದರೆ ಏಳು ಮಧ್ಯಾಹ್ನ ಏಳು ರಾತ್ರಿ, ಎಷ್ಟನ್ನು ಪರಿಚಿತರ ಜೊತೆ ಕೂತು ಉಂಡಿರಿ ಎಂಬುದು ಜಗತ್ತಿನಾದ್ಯಂತ ಕೇಳಿದ ಪ್ರಶ್ನೆ. ಲ್ಯಾಟಿನ್ ಅಮೆರಿಕದವರು ಒಂಬತ್ತರ ಹತ್ತಿರ ಹೇಳಿದರು. ದಕ್ಷಿಣ ಏಷ್ಯಾದವರ ಸರಾಸರಿ ನಾಲ್ಕನ್ನೂ ಮುಟ್ಟಲಿಲ್ಲ. ಕೂಡು ಕುಟುಂಬ, ಅತಿಥಿ ಸತ್ಕಾರ, ಪಂಕ್ತಿಭೋಜನ ಎಂದೆಲ್ಲ ಹೆಮ್ಮೆಪಡುವ ನಾವು ಪಟ್ಟಿಯ ಕೆಳತುದಿಯಲ್ಲಿದ್ದೇವೆ. ಮೊದಲು ಓದಿದಾಗ ನಂಬಲಾಗಲಿಲ್ಲ. ಆಮೇಲೆ ನಮ್ಮ ಮನೆಗಳಲ್ಲಿ ಊಟ ಹೇಗೆ ನಡೆಯುತ್ತದೆ ಎಂದು ಯೋಚಿಸಿದೆ.

ಗಂಡಸರಿಗೆ ಮೊದಲು, ಮಕ್ಕಳಿಗೆ ಅವರೊಂದಿಗೆ ಅಥವಾ ಅವರ ಮೊದಲು, ಹೊಲದಿಂದ ತಡವಾಗಿ ಬಂದವರಿಗೆ ಬಂದಾಗ. ಎಲ್ಲರದೂ ಆದ ಮೇಲೆ, ಒಲೆಯ ಕಟ್ಟೆ ಒರೆಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಅಡುಗೆಮನೆಯ ಮೂಲೆಯಲ್ಲಿ ಒಬ್ಬಳು ಕೂರುತ್ತಾಳೆ. ಹತ್ತು ಜನರ ಮನೆಯಲ್ಲಿ ಪ್ರತಿದಿನ ಒಬ್ಬಳೇ ಉಣ್ಣುವ ಹೆಂಗಸು ಒಂಟಿತನದ ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ಏಕೆಂದರೆ ಅವಳು ‘ತುಂಬಿದ ಮನೆ’ಯಲ್ಲಿದ್ದಾಳೆ. ಹಾಗಾಗಿ ಹಿಂದಿನ ಕಾಲ ಎಲ್ಲ ಚೆನ್ನಾಗಿತ್ತು, ಈಗ ಕೆಟ್ಟಿತು ಎಂಬ ಹಾಡು ನನಗೆ ಒಗ್ಗುವುದಿಲ್ಲ. ಕೂಡಿ ಉಣ್ಣುವುದೆಂದರೆ ಏನೆಂದು ಹೊಸದಾಗಿ ಕೇಳಿಕೊಳ್ಳಬೇಕಾಗಿದೆ; ಆ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಆ ಮೂಲೆಯಲ್ಲಿ ಕೂತವಳನ್ನು.

ಪಂಕ್ತಿಯಲ್ಲಿ ಕೂತಾಗ ನಿಜವಾಗಿ ಆಗುವುದೇನು? ಮದುವೆಯೋ ಜಾತ್ರೆಯೋ ಆರಾಧನೆಯೋ, ಯಾವುದೇ ಊಟ ತೆಗೆದುಕೊಳ್ಳಿ. ಎಲೆ ಹಾಕುತ್ತಾರೆ, ನೀರು ಚಿಮುಕಿಸಿ ಒರೆಸುತ್ತೇವೆ. ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬರುತ್ತವೆ. ಅನ್ನ ಬರುವವರೆಗೆ ಕಾಯಬೇಕು. ಮಾತು ಹುಟ್ಟುವುದು ಈ ಕಾಯುವ ಹೊತ್ತಿನಲ್ಲಿ. ‘ತಮ್ಮದು ಯಾವೂರು?’ ಎಂದು ಪಕ್ಕದವರು ಕೇಳುತ್ತಾರೆ. ಎದುರುಬದುರು ಕೂತ ಹಾಗೆ ಮುಖ ನೋಡಿಕೊಂಡು ಉತ್ತರ ಕೊಡಬೇಕಾಗಿಲ್ಲ. ಅಕ್ಕಪಕ್ಕ ಕೂತವರು ಎಲೆ ನೋಡುತ್ತಲೇ ಮಾತಾಡಬಹುದು. ಸಂಕೋಚದವರಿಗೆ, ಬಹಳ ದಿನದಿಂದ ಯಾರೊಂದಿಗೂ ನಾಲ್ಕು ಮಾತಾಡದೆ ಗಂಟಲು ಕಟ್ಟಿದವರಿಗೆ ಇದು ದೊಡ್ಡ ಅನುಕೂಲ. ಮಾತು ನಿಂತರೂ ಇರಿಸುಮುರಿಸಿಲ್ಲ, ಅಷ್ಟರಲ್ಲಿ ಸಾರಿನವರು ಬರುತ್ತಾರೆ. ‘ಇನ್ನೊಂದು ಸೌಟು?’ ಬೇಡವೆಂದರೆ ‘ಸಂಕೋಚ ಮಾಡ್ಕೋಬೇಡಿ, ನಿಧಾನವಾಗಿ ಊಟ ಮಾಡಿ’. ವಾರದಿಂದ ಯಾರೂ ತನಗೆ ಏನನ್ನೂ ಒತ್ತಾಯ ಮಾಡಿ ಬಡಿಸದ ಮನುಷ್ಯನ ಕಿವಿಗೆ ಈ ಮಾತು ಬೀಳುವುದನ್ನು ಊಹಿಸಿ. ಪಕ್ಕದವರದು ಮುಗಿಯದೆ ಏಳಬಾರದು ಎಂಬ ಹಳೆಯ ಮರ್ಯಾದೆಯೂ ಒಂದಿದೆ. ಹಲ್ಲಿಲ್ಲದ ಅಜ್ಜ ಮಜ್ಜಿಗೆ ಅನ್ನ ಕಲಸುತ್ತಿದ್ದರೆ ಆ ಸಾಲಿಗೆ ಸಾಲೇ ಅವರಿಗಾಗಿ ಕಾಯುತ್ತದೆ.

ಹಸಿವು ನೀಗಿಸುವುದು ಬೇರೆ, ಜೊತೆ ಸಿಗುವುದು ಬೇರೆ. ಬೆಂಗಳೂರಿನಲ್ಲಿ 2017ರ ಆಗಸ್ಟ್‌ನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟು ಕೂಲಿಕಾರರ, ವಿದ್ಯಾರ್ಥಿಗಳ ಹೊಟ್ಟೆ ತಣ್ಣಗೆ ಮಾಡಿತು. ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಎತ್ತರದ ಮೇಜಿನ ಮುಂದೆ ನಿಂತು, ಬೇಗ ತಿಂದು, ಹಿಂದಿನವರಿಗೆ ಜಾಗ ಬಿಡಬೇಕು. ವೃದ್ಧರ ಮನೆ ಬಾಗಿಲಿಗೆ ಬರುವ ಊಟದ ಡಬ್ಬಿಯೂ ಹಾಗೆಯೇ. ಮಂಚ ಬಿಟ್ಟು ಏಳಲಾಗದವರಿಗೆ ಡಬ್ಬಿಯೇ ದೇವರು. ನಡೆಯಬಲ್ಲವರಿಗೂ ಡಬ್ಬಿ ಕೊಟ್ಟು ಕೈತೊಳೆದುಕೊಂಡರೆ, ಅನ್ನ ಹೊಸ್ತಿಲು ದಾಟಿ ಒಳಗೆ ಬರುತ್ತದೆ, ಮನುಷ್ಯ ಹೊಸ್ತಿಲು ದಾಟಿ ಹೊರಗೆ ಬರುವುದಿಲ್ಲ. ಅಮೆರಿಕದವರು 1972ರಲ್ಲೇ ಇದನ್ನು ಯೋಚಿಸಿ, 60 ದಾಟಿದವರು ಒಂದು ಕಡೆ ಸೇರಿ ಉಣ್ಣುವ ವ್ಯವಸ್ಥೆಗೆ ಕಾನೂನಿನಡಿ ಹಣ ಕೊಡತೊಡಗಿದರು.

ಕೂಡಿ ಉಣ್ಣುವುದರಿಂದ ಒಂಟಿತನ ಕಳೆಯಬೇಕಾದರೆ ಎರಡು ಸಂಗತಿ ನಡೆಯಬೇಕು ಎಂದು ನನಗೆ ಅನ್ನಿಸುತ್ತದೆ. ನಾನು ಬಾರದಿದ್ದರೆ ಯಾರಿಗಾದರೂ ಗೊತ್ತಾಗಬೇಕು. ಬಂದರೆ ನನ್ನ ಕೈಗೊಂದು ಕೆಲಸವಿರಬೇಕು. ‘ನಿನ್ನೆ ಯಾಕೆ ಊಟಕ್ಕೆ ಬರಲಿಲ್ಲ?’ ಎಂದು ಕೇಳಿಸಿಕೊಂಡವರು ಆ ದಿನ ಒಂಟಿಯಲ್ಲ. ‘ಸ್ವಲ್ಪ ಈ ಹುರುಳಿಕಾಯಿ ಹೆಚ್ಚಿ ಕೊಡ್ತೀರಾ?’ ಎಂದು ಕೇಳಿಸಿಕೊಂಡವರು ಇನ್ನೂ ಕಡಿಮೆ ಒಂಟಿ. ಎಷ್ಟೋ ಸಮಾರಂಭಗಳಲ್ಲಿ ವೃದ್ಧರನ್ನು ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಊಟ ಹಾಕಿ, ಫೋಟೊ ತೆಗೆಸಿಕೊಂಡು ಕಳಿಸುತ್ತಾರೆ. ಅವರ ಎದುರಿಗೆ ಎಲೆ ಬರುತ್ತದೆ, ಅವರ ಕೈಗೆ ಸೌಟು ಬರುವುದೇ ಇಲ್ಲ. ಮಾರನೆಯ ದಿನ ಅವರು ಎಲ್ಲಿದ್ದರೋ ಅಲ್ಲಿಯೇ ಇರುತ್ತಾರೆ.

ಕೂಡಿ ದುಡಿದು ಕೂಡಿ ಉಣ್ಣುವುದರ ಬೇರು ನಮ್ಮ ನೆಲದಲ್ಲೇ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದಾಸೋಹ ಒಬ್ಬ ಶ್ರೀಮಂತನ ಧಾರಾಳತನದಿಂದ ನಡೆದದ್ದಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಆಯ್ದಕ್ಕಿ ಮಾರಯ್ಯ, ಅವನ ಹೆಂಡತಿ ಲಕ್ಕಮ್ಮ, ಅಂಥ ಬಡವರ ಮನೆಯಲ್ಲೂ ದಾಸೋಹವಿತ್ತು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಈ ಪ್ರಸಂಗವನ್ನು ಸಾಮಾನ್ಯವಾಗಿ ಅತಿಯಾಸೆಯ ವಿರುದ್ಧದ ಪಾಠವೆಂದು ಹೇಳುತ್ತಾರೆ. ನನಗೆ ಅದರಲ್ಲಿ ಇನ್ನೊಂದೂ ಕಾಣುತ್ತದೆ. ಆ ಪಂಕ್ತಿಗೆ ಬೇಕಾದದ್ದು ಅವರ ದುಡಿಮೆಯ ಪಾಲು. ಪಾಲು ಇದ್ದವರಿಗೆ ಪಂಕ್ತಿಯಲ್ಲಿ ತಲೆಯೆತ್ತಿ ಕೂರುವ ಹಕ್ಕಿರುತ್ತದೆ.

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಇದನ್ನು ಇಂದಿಗೂ ಕಣ್ಣಾರೆ ನೋಡಬಹುದು. ಜನವರಿಯ ಚಳಿಯಲ್ಲಿ ಜಾತ್ರೆ. ಅದಕ್ಕೂ ಎಷ್ಟೋ ದಿನ ಮೊದಲೇ ಸುತ್ತಲ ಹಳ್ಳಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತದೆ. ಓಣಿಯ ಹೆಂಗಸರು ಒಂದೆಡೆ ಕೂಡಿ ಜೋಳದ ಹಿಟ್ಟು ನಾದುತ್ತಾರೆ. ಒಬ್ಬರು ತಟ್ಟಿದ್ದನ್ನು ಇನ್ನೊಬ್ಬರು ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ಬೆಂಕಿಯ ಮಗ್ಗುಲಿಗೆ ನಿಲ್ಲಿಸಿ ಖಡಕ್ ಮಾಡುತ್ತಾರೆ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟುಗಳು ಎತ್ತಿನ ಬಂಡಿ, ಟ್ರ್ಯಾಕ್ಟರ್ ಏರಿ, ಭಜನೆ ಡೊಳ್ಳಿನೊಂದಿಗೆ ಮಠಕ್ಕೆ ಬರುತ್ತವೆ. ಕಾಳು, ಬೆಲ್ಲ, ಕಾಯಿಪಲ್ಲೆ, ಕಟ್ಟಿಗೆ ಕೂಡ ಹೀಗೆಯೇ ಬರುತ್ತವೆ. ರೊಟ್ಟಿ ಲಕ್ಷಗಟ್ಟಲೆ ಆಗುತ್ತದೆ, ಜಾತ್ರೆಯ ತೇರು ಮುಗಿದ ಮೇಲೂ ಹಲವು ದಿನ ದಾಸೋಹ ನಡೆಯುತ್ತದೆ. ಮಹಾದಾಸೋಹದ ಮನೆಯಲ್ಲಿ ಕೂತು ಉಂಡವರು ಆ ಲಕ್ಷ ನೋಡಿ ಬೆರಗಾಗುತ್ತಾರೆ. ನನಗೆ ಬೆರಗು ಹುಟ್ಟಿಸುವುದು ಓಣಿ. ‘ನಂದೂ ಒಂದಿಪ್ಪತ್ತು ರೊಟ್ಟಿ ಇರ್ಲಿ’ ಎಂದು ಒಂಟಿ ಮುದುಕಿಯೂ ಅಲ್ಲಿ ಬಂದು ಕೂರಬಹುದು. ಮಗ ಪುಣೆಯಲ್ಲಿದ್ದರೇನು, ಆ ಹೊತ್ತಿಗೆ ಅವಳ ಕೈ ಬೇಕು. ಅವಳ ರೊಟ್ಟಿಯನ್ನು ಯಾವ ಊರಿನ ಯಾರು ಉಂಡರೋ ಅವಳಿಗೆ ಗೊತ್ತಾಗುವುದಿಲ್ಲ, ಅದರ ಅಗತ್ಯವೂ ಇಲ್ಲ. ಊಟಕ್ಕೆ ಮೊದಲೇ ಅವಳು ಜೊತೆಗಾರರ ನಡುವೆ ಕೂತಾಗಿದೆ.

ಅಮೃತಸರದ ಸ್ವರ್ಣಮಂದಿರದ ಲಂಗರಿನಲ್ಲಿ ದಿನಕ್ಕೆ 50,000ಕ್ಕೂ ಹೆಚ್ಚು ಜನ ಉಣ್ಣುತ್ತಾರೆ. ಅಲ್ಲಿಯೂ ಉಣ್ಣುವವರೇ ಬೆಳ್ಳುಳ್ಳಿ ಸುಲಿಯುತ್ತಾರೆ, ಚಪಾತಿ ಲಟ್ಟಿಸುತ್ತಾರೆ, ತಟ್ಟೆ ತೊಳೆಯುತ್ತಾರೆ. ತಟ್ಟೆ ತೊಳೆಯುವ ತೊಟ್ಟಿಯ ಮುಂದೆ ನಿಂತವರಲ್ಲಿ ಅಂಗಡಿಯವನೂ ಅಧಿಕಾರಿಯೂ ಪಕ್ಕಪಕ್ಕದಲ್ಲಿರುತ್ತಾರೆ.

ಜಾತ್ರೆ ವರ್ಷಕ್ಕೊಮ್ಮೆ, ಒಂಟಿತನ ದಿನಾ ರಾತ್ರಿ. ಆದ್ದರಿಂದ ಎಷ್ಟು ದೊಡ್ಡ ಊಟ ಎಂಬುದಕ್ಕಿಂತ, ಎಷ್ಟು ತಪ್ಪದೆ ನಡೆಯುತ್ತದೆ ಎಂಬುದು ಮುಖ್ಯ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸುಮಾರು 10,000 ಮಕ್ಕಳು ಉಂಡು, ಓದಿ ಬೆಳೆಯುತ್ತಾರೆ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಶಿವೈಕ್ಯರಾದಾಗ ಮಕ್ಕಳ ಮಧ್ಯಾಹ್ನದ ಊಟ ಆಗುವವರೆಗೂ ಸುದ್ದಿಯನ್ನು ಹೊರಗೆ ಹೇಳಲಿಲ್ಲ. ಅದು ಅವರದೇ ಇಚ್ಛೆಯಾಗಿತ್ತು. ನೂರಹನ್ನೊಂದು ವರ್ಷ ಬಾಳಿದ ಹಿರಿಯರು ತಮ್ಮ ಸಾವಿನ ಕಾರಣಕ್ಕೂ ಊಟದ ಹೊತ್ತು ತಪ್ಪಬಾರದು ಎಂದುಕೊಂಡಿದ್ದರು. ಪಂಕ್ತಿಯನ್ನು ನಂಬಿ ಬಂದವರಿಗೆ ಆ ಭರವಸೆ ಬೇಕು.

ಇನ್ನು ಕಹಿಯಾದ ಭಾಗ. ಜನರನ್ನು ಒಂಟಿ ಮಾಡುವುದಕ್ಕೆ ನಮ್ಮ ಸಮಾಜ ಬಳಸಿದ ಮುಖ್ಯ ಸಾಧನವೂ ಇದೇ ಪಂಕ್ತಿ. ಯಾರು ಒಳಗೆ, ಯಾರು ಹೊರಗೆ, ಯಾರಿಗೆ ಮೊದಲ ಪಂಕ್ತಿ, ಯಾರಿಗೆ ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ಎಂಬುದನ್ನು ಊಟವೇ ತೀರ್ಮಾನಿಸುತ್ತಿತ್ತು. ಬಹಿಷ್ಕಾರ ಎಂದರೆ ಊಟಕ್ಕೆ ಕರೆಯದಿರುವುದೇ. ಗಂಡ ಸತ್ತವಳನ್ನು ಶುಭಕಾರ್ಯದ ಸಾಲಿನಿಂದ ಎಬ್ಬಿಸಿ ಹಿಂದಿನ ಕೋಣೆಗೆ ಕಳಿಸಿದವರು ಅವಳಿಗೆ ಎರಡನೆಯ ವೈಧವ್ಯ ಕೊಟ್ಟರು. ಶಾಲೆಯ ಬಿಸಿಯೂಟವನ್ನು ದಲಿತ ಹೆಣ್ಣುಮಗಳು ಬೇಯಿಸುತ್ತಾಳೆಂದು ಮಕ್ಕಳನ್ನು ಊಟಕ್ಕೆ ಕಳಿಸದ ತಂದೆತಾಯಿಗಳ ಸುದ್ದಿ ಈಗಲೂ ಓದುತ್ತೇವೆ. ಹತ್ತು ವರ್ಷದ ಮಗುವಿಗೆ ಪಕ್ಕದಲ್ಲಿ ಕೂತು ಉಣ್ಣಬೇಡ ಎಂದು ಕಲಿಸಿದ ಮೇಲೆ, ಆ ಮಗು ಮುಂದೆ ಯಾರ ಪಕ್ಕದಲ್ಲಿ ನೆಮ್ಮದಿಯಾಗಿ ಕೂರುತ್ತದೆ?

ಕೇರಳದ ಚೆರಾಯಿಯಲ್ಲಿ 1917ರಲ್ಲಿ ಸಹೋದರನ್ ಅಯ್ಯಪ್ಪನ್ ಈಳವರನ್ನೂ ಪುಲಯರನ್ನೂ ಒಟ್ಟಿಗೆ ಕೂರಿಸಿ ಮಿಶ್ರಭೋಜನ ನಡೆಸಿದರು. ಅವರದೇ ಸಮುದಾಯ ಅವರ ಮೇಲೆ ತಿರುಗಿಬಿತ್ತು. ಪುಲಯನ್ ಅಯ್ಯಪ್ಪನ್ ಎಂದು ಹಂಗಿಸಿದರು. ಅವರು ಆ ಹೆಸರನ್ನು ಗೌರವವೆಂದು ಸ್ವೀಕರಿಸಿದರು. ಒಂದು ಹೊತ್ತಿನ ಊಟ ಅಷ್ಟು ಗದ್ದಲ ಎಬ್ಬಿಸಿತೆಂದರೆ, ಪಂಕ್ತಿಯ ಶಕ್ತಿ ಎಂಥದ್ದೆಂದು ಅದನ್ನು ವಿರೋಧಿಸಿದವರಿಗೂ ಚೆನ್ನಾಗಿ ಗೊತ್ತಿತ್ತು ಎಂದೇ ಅರ್ಥ. ನಾವು ಒಂಟಿತನಕ್ಕೆ ಮದ್ದು ಎಂದು ಇಂದು ಹಾಕುವ ಪಂಕ್ತಿಯಲ್ಲಿ ಜಾತಿಯ ಲೆಕ್ಕ ಒಂದು ಚೂರು ಉಳಿದರೂ ಅದು ಮದ್ದಲ್ಲ. ನಮ್ಮವರು ನಮ್ಮವರೇ ಕೂಡುವ ಊಟಗಳು ನಗರಗಳಲ್ಲಿ ಈಗ ಎಷ್ಟೋ ಇವೆ. ಅವು ಕೆಲವರ ಒಂಟಿತನವನ್ನು ಕಳೆದು, ಬಾಗಿಲ ಹೊರಗೆ ನಿಂತವರ ಒಂಟಿತನವನ್ನು ಹೆಚ್ಚಿಸುತ್ತವೆ.

ಎಲ್ಲರೂ ಕೂಡಿ ಉಣ್ಣುವ ಊಟ ಮಠ ಮಂದಿರಗಳ ಬಲವಿಲ್ಲದೆಯೂ ನಡೆಯುತ್ತದೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಚಾಂದಣಕಿ ಹಳ್ಳಿಯಿಂದ ಎಳೆಯರು ಅಹಮದಾಬಾದಿಗೆ, ಹೊರದೇಶಗಳಿಗೆ ಹೋಗಿಬಿಟ್ಟಿದ್ದಾರೆ. ಉಳಿದ ಹಿರಿಯರು ಮನೆಮನೆಯಲ್ಲಿ ಒಲೆ ಹಚ್ಚುವುದನ್ನು ಬಿಟ್ಟು ಊರಿನ ಒಂದೇ ಭೋಜನಶಾಲೆಯಲ್ಲಿ ಎರಡು ಹೊತ್ತು ಕೂಡಿ ಉಣ್ಣುತ್ತಾರೆ. ತಿಂಗಳಿಗಿಷ್ಟು ಎಂದು ಹಣ ಕೊಡುತ್ತಾರೆ, ಯಾರ ಹಂಗೂ ಇಲ್ಲ. ಟೋಕಿಯೊದ ಓಟಾ ವಾರ್ಡಿನಲ್ಲಿ ತರಕಾರಿ ಅಂಗಡಿ ನಡೆಸುತ್ತಿದ್ದ ಹಿರೋಕೊ ಕೊಂಡೊ, ಶಾಲೆಯ ಊಟ ಬಿಟ್ಟರೆ ಬಾಳೆಹಣ್ಣೇ ಗತಿಯಾದ ಮಗುವೊಂದರ ಸುದ್ದಿ ಕೇಳಿ, 2012ರಲ್ಲಿ ಮಕ್ಕಳು ಒಬ್ಬೊಬ್ಬರೇ ಬಂದು ಉಣ್ಣಬಹುದಾದ ಊಟದ ಮನೆ ತೆರೆದರು. ಈಗ ಜಪಾನಿನಲ್ಲಿ ಅಂಥವು 10,000 ದಾಟಿವೆ, ಎಷ್ಟೋ ಕಡೆ ಅಕ್ಕಪಕ್ಕದ ವೃದ್ಧರೂ ಮಕ್ಕಳ ಜೊತೆ ಕೂರುತ್ತಾರೆ. ವೃದ್ಧರಿಗೆ ವೃದ್ಧರದೇ, ಎಳೆಯರಿಗೆ ಎಳೆಯರದೇ ಸಾಲು ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ನಮ್ಮ ಊರುಗಳಲ್ಲಿ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಮದುವೆಯ ತಿಂಗಳು ಬಿಟ್ಟರೆ ಬೀಗ ಹಾಕಿಕೊಂಡೇ ಇರುವ ಸಮುದಾಯ ಭವನ ಯಾವ ಊರಿನಲ್ಲಿಲ್ಲ? ಅಲ್ಲಿ ದೊಡ್ಡ ಒಲೆಯಿದೆ, ಕೊಳದಪ್ಪಲೆಗಳಿವೆ, ನೀರಿದೆ. ವಾರಕ್ಕೊಂದು ರಾತ್ರಿ, ಅನ್ನ ಸಾರು ಮಜ್ಜಿಗೆ, ಒಂದು ಪಲ್ಯ, ಮುದ್ದೆಯ ಸೀಮೆಯಾದರೆ ಮುದ್ದೆ ಸಾಕು. ಸಿಹಿ ಮಾಡಿದರೆ ಸಕ್ಕರೆ ಕಾಯಿಲೆಯವರು ಮುಜುಗರಪಡುತ್ತಾರೆ, ಅದನ್ನು ಹಬ್ಬಕ್ಕೆ ಬಿಡಿ. ನೆಲದ ಪಂಕ್ತಿಯ ಜೊತೆಗೆ ಮಂಡಿನೋವಿನವರಿಗೆ ಮೇಜು ಬೆಂಚಿನ ಸಾಲೂ ಇರಬೇಕು. ರಾತ್ರಿ ಎಂಟಕ್ಕೆ ಇಟ್ಟರೆ ಕಣ್ಣು ಮಂಜಾದವರು ಬರಲಾರರು. ಸಂಜೆ ಬೇಗನೆ ಬಡಿಸಿ, ಬೆಳಕು ಪೂರಾ ಹೋಗುವ ಮೊದಲು ಮನೆ ಸೇರುವಂತಿರಬೇಕು. ಪುಕ್ಕಟೆ ಬೇಡ. ಹತ್ತೋ ಇಪ್ಪತ್ತೋ ರೂಪಾಯಿ, ಇಲ್ಲವೇ ಒಂದು ಹಿಡಿ ಬೇಳೆ, ಹಿತ್ತಲಿನ ನಾಲ್ಕು ಬದನೆಕಾಯಿ, ಏನೂ ಇಲ್ಲದವರು ಅರ್ಧ ಗಂಟೆ ಮುಂಚೆ ಬಂದು ಕಾಯಿ ತುರಿಯಲಿ. ಅಡುಗೆಗೂ ಪಾತ್ರೆಗೂ ಹೆಂಗಸರನ್ನೇ ನಿಲ್ಲಿಸಿ ಗಂಡಸರು ಎಲೆ ಮುಂದೆ ಕೂತರೆ ಮತ್ತೆ ಅದೇ ಮೂಲೆ, ಅದೇ ಒಬ್ಬಳು. ಪಾತ್ರೆ ತೊಳೆಯುವ ಸರದಿ ಗಂಡಸರಿಂದ ಶುರುವಾಗಲಿ. ಹೆಂಡತಿ ತೀರಿಕೊಂಡ ಮೇಲೆ ಒಂದು ಸಾರು ಮಾಡಿಕೊಳ್ಳಲೂ ಬಾರದೆ ಕಂಗೆಟ್ಟ ಗಂಡಸರು ಅಲ್ಲೇ ಒಗ್ಗರಣೆ ಹಾಕುವುದನ್ನು ಕಲಿಯಬಹುದು, ಕಲಿಸುವುದಕ್ಕೆ ಜನರಿರುತ್ತಾರೆ.

ಒಂದು ನೋಟ್‌ಬುಕ್ ಇರಲಿ, ಬಂದವರ ಹೆಸರು ಬರೆಯಲಿಕ್ಕೆ. ಕಳೆದ ವಾರ ಬಂದು ಈ ವಾರ ಬಾರದವರ ಮನೆಗೆ ಅದೇ ರಾತ್ರಿ ಇಬ್ಬರು ಹೋಗಿ ಬರಬೇಕು, ಕೈಯಲ್ಲಿ ಕ್ಯಾರಿಯರ್ ಹಿಡಿದು. ಹೋದವರು ಬಾಗಿಲಲ್ಲೇ ಡಬ್ಬಿ ಕೊಟ್ಟು ಹಿಂತಿರುಗದೆ ಸ್ವಲ್ಪ ಹೊತ್ತು ಕೂರಬೇಕು. ಮೊದಲ ವಾರ ಆರು ಜನ ಬಂದರೆ ನಿರಾಶೆ ಬೇಡ. ಏಳನೆಯವರು ಯಾರು, ಯಾವ ಓಣಿಯಲ್ಲಿ ಯಾರ ಮನೆಯ ಅಡುಗೆಮನೆಯ ದೀಪ ಬೇಗ ಆರುತ್ತದೆ ಎಂಬುದು ಆ ಆರು ಜನಕ್ಕೆ ಗೊತ್ತಿರುತ್ತದೆ. ಅವರನ್ನು ಕರೆದು ತರುವ ಕೆಲಸವನ್ನು ಈ ಆರು ಜನಕ್ಕೇ ಬಿಡಬೇಕು.